ಅಳಿಸಿಹೋದ ಅಂಕೆ

ಹಳೆಯ ಕತ್ತಿಯೊಂದು ಗೋಡೆಯ ಮೇಲೆ ತೂಗುತ್ತಿರುವ ಮನೆಗೆ ಹೋದರೆ ಅದರ ವಿಷಯವಾಗಿ ಮೊದಲು ಕೇಳಿಬರುವುದು ಒಬ್ಬ ದೊಡ್ಡ ಮನುಷ್ಯನ ಹೆಸರು. ಮೈಸೂರು, ಶ್ರೀರಂಗಪಟ್ಟಣದ ಕಡೆ ಅದು ಟಿಪ್ಪು ಸುಲ್ತಾನನ ಕಾಲದ ಕತ್ತಿ. ಚಿತ್ರದುರ್ಗದ ಕಡೆ ಮದಕರಿನಾಯಕನದು. ಬೇಲೂರು, ಸಕಲೇಶಪುರದ ಕಡೆ ಐಗೂರಿನ ಪಾಳೆಯಗಾರನದು. ಕತ್ತಿಗೆ ಅಲಗಿನ ಬಾಯಿಯುಂಟೇ ಹೊರತು ಆಡುವ ಬಾಯಿಲ್ಲ. ಆದುದರಿಂದ ಮನೆಯವರು ಹೇಳಿದ್ದನ್ನೆಲ್ಲ ಒಪ್ಪಿಕೊಂಡು ಅದು ಮೌನವಾಗಿ ಮೊಳೆಯ ಮೇಲೆ ಕುಳಿತಿರುತ್ತದೆ.

ಎರಡು ವರ್ಷಗಳ ಹಿಂದಿನ ನವರಾತ್ರಿಯಲ್ಲಿ ಹಳೇಬೀಡು, ಬೇಲೂರುಗಳನ್ನು ಮತ್ತೊಮ್ಮೆ ನೋಡಿಬರುವ ಮನಸ್ಸಾಗಿ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಇಳಿದೆ. ಅಲ್ಲಿಂದ ಜಾವಗಲ್ಲಿಗೆ ಹೋಗುವ ದಾರಿಯಲ್ಲಿ ನನ್ನ ಸ್ನೇಹಿತರೊಬ್ಬರ ಊರು. ಸುತ್ತಲೂ ತೆಂಗಿನ ತೋಟ, ನಡುವೆ ಅಜ್ಜನ ಕಾಲದ ತೊಟ್ಟಿಯ ಮನೆ. "ಹಬ್ಬದ ಹೊತ್ತಿಗೆ ನಮ್ಮ ಮನೆಯಲ್ಲಿ ಎರಡು ದಿನ ಇದ್ದು, ಆಮೇಲೆ ಹಳೇಬೀಡಿಗೆ ಹೋಗೋಣ" ಎಂದು ಅವರು ಬಹಳ ದಿನಗಳಿಂದ ಕರೆಯುತ್ತಿದ್ದರು. ಅವರ ಕರೆಯ ಹಿಂದೆ ಒಂದು ಸಣ್ಣ ಸ್ವಾರ್ಥವೂ ಇದ್ದಿತೆಂಬುದು ಹೋದ ಮೇಲೆ ತಿಳಿಯಿತು. ಮನೆಯ ಕತ್ತಿಯನ್ನು ನಾನು ನೋಡಿ ಅದರ ಕಾಲ ಇಂಥದೆಂದು ಹೇಳಬೇಕಾಗಿತ್ತು. ಪಟ್ಟಣದ ವ್ಯಾಪಾರಿಯೊಬ್ಬ ಅದಕ್ಕೆ ಬೆಲೆ ಕಟ್ಟಿ ಹೋಗಿದ್ದನಂತೆ.

ನಾನು ಹೋದದ್ದು ಮಹಾನವಮಿಯ ಹಿಂದಿನ ದಿನ. ತೊಟ್ಟಿಯ ಕಟ್ಟೆಯ ಮೇಲೆ ಸ್ನೇಹಿತರ ತಾಯಿ ಎದುರಿಗೆ ನೆನೆಸಿದ ಹುಣಸೆಹಣ್ಣನ್ನೂ ಸಣ್ಣಗೆ ಕುಟ್ಟಿದ ಇಟ್ಟಿಗೆಯ ಪುಡಿಯನ್ನೂ ಇಟ್ಟುಕೊಂಡು ಕುಳಿತಿದ್ದರು. ವಯಸ್ಸು ಎಪ್ಪತ್ತೈದು ದಾಟಿದ್ದರೂ ಕೈಯ ಬಲ ಕುಂದಿರಲಿಲ್ಲ. ದೀಪದ ಕಂಬಗಳು ಆಗಲೇ ಚಿನ್ನದಂತೆ ಹೊಳೆಯುತ್ತಿದ್ದವು. ಕುಡುಗೋಲು, ಮಚ್ಚು, ಕೊಡಲಿಗಳ ಸರದಿಯೂ ಮುಗಿದಿತ್ತು. ಕೊನೆಗೆ ಮಗ ಒಳಗಿನಿಂದ ಎರಡು ಕೈಗಳಲ್ಲಿ ಕತ್ತಿಯನ್ನು ತಂದು ಅವರ ಮುಂದಿಟ್ಟರು. ತಾಯಿ ಅದಕ್ಕೊಮ್ಮೆ ಕೈಮುಗಿದು, ಹುಣಸೆಹಣ್ಣಿನ ಉಂಡೆಯನ್ನು ಪುಡಿಯಲ್ಲಿ ಅದ್ದಿದರು.

"ಅಮ್ಮ, ಒಂದು ನಿಮಿಷ" ಎಂದೆ. ಅತಿಥಿಯ ಮಾತೆಂದು ಅವರು ಕೈ ತಡೆದರು.

"ಐಗೂರು ನಾಯಕರ ಕಾಲದ ಕತ್ತಿ, ಸ್ವಾಮಿ. ವೆಲ್ಲೆಸ್ಲಿಯ ದಂಡಿನ ಎದುರು ನಿಂತದ್ದು" ಎಂದರು ಸ್ನೇಹಿತರು.

ವೆಲ್ಲೆಸ್ಲಿಯ ದಂಡು ಈ ಸೀಮೆಗೆ ಬಂದದ್ದೇನೋ ನಿಜ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೂ ಬಲಂ ಸೀಮೆಯ ವೆಂಕಟಾದ್ರಿ ನಾಯಕ ಮಣಿಯಲಿಲ್ಲ. ಮುಂದೆ ವಾಟರ್‌ಲೂ ಕಾಳಗವನ್ನು ಗೆದ್ದು ಹೆಸರಾದ ಆರ್ಥರ್ ವೆಲ್ಲೆಸ್ಲಿಯೇ ೧೮೦೨ರಲ್ಲಿ ಮಲೆನಾಡಿನ ಕಾಡನ್ನು ಹೊಕ್ಕು ಅರಕೆರೆಯ ಕೋಟೆಯನ್ನು ಹಿಡಿದನು, ನಾಯಕನನ್ನು ಗಲ್ಲಿಗೇರಿಸಿದರು. ಆ ಕಾಲದ ಕತ್ತಿಯೊಂದು ಅರಸೀಕೆರೆಯ ಬಳಿಯ ಮನೆಯಲ್ಲಿ ಉಳಿದಿರುವುದು ಅಸಾಧ್ಯವೇನಲ್ಲ. ಆದರೆ ನನ್ನ ಮುಂದಿದ್ದ ಕತ್ತಿ ಬೇರೆಯೇ ಕಥೆ ಹೇಳುತ್ತಿತ್ತು.

ಹಿಡಿಯೇನೋ ನಮ್ಮ ದೇಶದ ತಲವಾರಿನದು: ತಟ್ಟೆಯಂತಹ ತಲೆ, ಎರಡು ಪಕ್ಕಕ್ಕೆ ಚಾಚಿದ ಮೊಂಡು ಕೈಗಳು. ಅಲಗೂ ಬಾಗಿದ್ದಿತು. ಆದರೆ ಹಿಡಿಯಿಂದ ಮೊನೆಯವರೆಗೆ ಅದು ತೆಳುವಾಗುತ್ತ ಹೋದ ರೀತಿ, ಬೆನ್ನಿನುದ್ದಕ್ಕೂ ಅಳತೆಯ ದಾರ ಹಿಡಿದಂತೆ ಓಡಿದ ತೋಡು, ಇವು ಊರ ಕಮ್ಮಾರನ ಸುತ್ತಿಗೆಯವಾಗಿ ಕಾಣಲಿಲ್ಲ, ಯಂತ್ರದ ಕೆಲಸ. ಭೂತಗನ್ನಡಿಯನ್ನು ಹಿಡಿದು ಅಲಗಿನ ಬೆನ್ನನ್ನು ಬಿಸಿಲಿಗೆ ಓರೆಯಾಗಿ ತಿರುಗಿಸಿದಾಗ, ಹಿಡಿಯ ಹತ್ತಿರ, ಹಳೆಯ ನಾಣ್ಯದ ಮೇಲಿನ ಮುಖದಂತೆ ಸವೆದುಹೋದ ಕೆಲವು ಇಂಗ್ಲಿಷ್ ಅಕ್ಷರಗಳು ಎದ್ದುವು. ಮೊದಲ ನಾಲ್ಕು ಸ್ಪಷ್ಟ: ಮೋಲ್. ಮುಂದಿನದು ಬರ್ಮಿಂಗ್‌ಹ್ಯಾಮ್ ಎಂಬುದರ ಸಂಕ್ಷೇಪ. ಅಲಗಿನ ಪಕ್ಕದಲ್ಲಿ ಬಾಣದ ಮೊನೆಯ ಗುರುತು, ಅದರ ಕೆಳಗೆ ಐ.ಎಸ್.ಡಿ. ಎಂಬ ಮೂರು ಅಕ್ಷರಗಳ ನೆರಳು.

ರಾಬರ್ಟ್ ಮೋಲ್ ಎಂಬುದು ಬರ್ಮಿಂಗ್‌ಹ್ಯಾಮಿನ ಕತ್ತಿ ತಯಾರಕರ ಹೆಸರು. ಬಾಣದ ಮೊನೆ ಬ್ರಿಟಿಷ್ ಸರ್ಕಾರದ ಸ್ವತ್ತೆಂಬುದಕ್ಕೆ ಗುರುತು. ಕೆಳಗಿನ ಮೂರಕ್ಷರ ಲಂಡನ್ನಿನಿಂದ ಭಾರತಕ್ಕೆ ಸಾಮಾನು ಕಳುಹಿಸುತ್ತಿದ್ದ ಇಲಾಖೆಯದು. ಭಾರತದ ಕುದುರೆಯ ದಳಗಳಿಗೆಂದೇ ಅಲಗನ್ನು ಇಂಗ್ಲೆಂಡಿನ ಉಕ್ಕಿನಿಂದಲೂ, ಹಿಡಿಯನ್ನು ತಲವಾರಿನ ಮಾದರಿಯಲ್ಲೂ ಮಾಡಿ ಹಡಗಿಗೆ ಹಾಕುತ್ತಿದ್ದರು. ನಮ್ಮ ಸವಾರರಿಗೆ ವಿಲಾಯತಿ ಹಿಡಿ ಒಗ್ಗಲಿಲ್ಲ. ಅವರ ಕೈಗೆ ಅದು ದೊಡ್ಡದಾಯಿತು. ಅಲ್ಲದೆ ಸಿಲ್ಲೇದಾರ ಪದ್ಧತಿಯ ದಳಗಳಲ್ಲಿ ಕುದುರೆಯನ್ನೂ ಆಯುಧವನ್ನೂ ಸವಾರನೇ ತರಬೇಕಾಗಿದ್ದುದರಿಂದ, ಯಾವ ಕತ್ತಿ ಬೇಕೆಂಬುದರಲ್ಲಿ ಅವನ ಮಾತಿಗೂ ಬೆಲೆಯಿತ್ತು.

ಸ್ನೇಹಿತರ ಮುಖ ಸ್ವಲ್ಪ ಬಾಡಿತು. ಪಾಳೆಯಗಾರನ ಖಡ್ಗವೆಂದು ಮೂರು ತಲೆಮಾರು ಪೂಜೆಗೊಂಡದ್ದು ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯ ಮಾಲೆಂದರೆ ಯಾರಿಗೆ ತಾನೆ ಸಂತೋಷವಾದೀತು!

ಇಂತಹ ಕತ್ತಿಗಳು ನಮ್ಮ ಹಳೆಯ ಮನೆಗಳಲ್ಲಿ ಎಷ್ಟೋ ಇವೆ. ಆದುದರಿಂದ ಅವುಗಳ ಕುಲಗೋತ್ರವನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಬ್ರಿಟಿಷರು ತಮ್ಮ ರಾವುತರ ಕತ್ತಿಯನ್ನು ಮೇಲಿಂದ ಮೇಲೆ ಬದಲಾಯಿಸಿದರು. ಬದಲಾಯಿಸಿದ ವರ್ಷವೇ ಆ ಮಾದರಿಯ ಹೆಸರಾಯಿತು. ೧೭೯೬ರ ಹಗುರ ದಳದ ಕತ್ತಿ ಚೆನ್ನಾಗಿ ಬಾಗಿದ್ದು, ಮೊನೆಯ ಕಡೆಗೆ ಅಗಲವಾಗುತ್ತದೆ. ಅಲಗು ಸುಮಾರು ೩೩ ಅಂಗುಲ. ಹಿಡಿಗೆ ಒಂದೇ ಒಂದು ಕಬ್ಬಿಣದ ಬಿಲ್ಲು. ಲ ಮಾರ್ಷಾಂ ಎಂಬ ಅಧಿಕಾರಿ ರೂಪಿಸಿದ ಈ ಕತ್ತಿ ಕೊಚ್ಚುವುದಕ್ಕೆ ಹೇಳಿಮಾಡಿಸಿದ್ದು. ಅದೇ ವರ್ಷದ ಭಾರಿ ದಳದ ಕತ್ತಿಯಾದರೋ ನೇರ. ೧೮೨೧ರ ಮಾದರಿಯಲ್ಲಿ ಕೈಯನ್ನು ಕಾಯಲು ಮೂರು ಕಂಬಿಗಳು ಬಂದುವು. ೧೮೫೩ರಲ್ಲಿ ಭಾರಿ, ಹಗುರವೆಂಬ ಭೇದವಳಿದು ಸವಾರರಿಗೆಲ್ಲ ಒಂದೇ ಕತ್ತಿಯಾಯಿತು. ೧೮೬೪ರದರಲ್ಲಿ ಕಂಬಿಗಳ ಬದಲು ತಗಡಿನ ಬಟ್ಟಲು. ಅದರಲ್ಲಿ ಶಿಲುಬೆಯಾಕಾರದ ರಂಧ್ರ. ೧೯೦೮ರ ಹೊತ್ತಿಗೆ ಕೊಚ್ಚುವ ಯೋಚನೆಯನ್ನೇ ಬಿಟ್ಟುಬಿಟ್ಟರು. ಆ ವರ್ಷದ ಕತ್ತಿ ೩೫ ಅಂಗುಲದ ನೆಟ್ಟನೆಯ ಉಕ್ಕಿನ ಸಲಾಕಿಯಂತೆ, ಚುಚ್ಚುವುದಕ್ಕೆ ಮಾತ್ರ. ಹಿಡಿ ಪಿಸ್ತೂಲಿನಂತೆ ಬಾಗಿದ್ದು, ಬಟ್ಟಲು ಮುಷ್ಟಿಯನ್ನೆಲ್ಲ ಮುಚ್ಚುವಷ್ಟು ದೊಡ್ಡದು. ನೋಡಲು ಚೆಲುವಲ್ಲ. ಭಾರತೀಯ ದಳಗಳಿಗಾಗಿ ಇದನ್ನೇ ಸಣ್ಣ ಹಿಡಿಯೊಡನೆ ಮಾಡಿಸಿದರು. ಕುದುರೆಯ ಮೇಲೆ ಕುಳಿತು ಕಾದುವ ಕಾಲವೇ ಮುಗಿಯುತ್ತ ಬಂದಾಗ ಅತ್ಯುತ್ತಮವಾದ ಕತ್ತಿ ತಯಾರಾಯಿತೆಂದು ಬಲ್ಲವರು ಹೇಳುತ್ತಾರೆ. ಲೋಕದಲ್ಲಿ ಹೀಗಾಗುವುದು ಹೊಸತೇನೂ ಅಲ್ಲ.

ಕತ್ತಿಯ ಗುಣಕ್ಕಿಂತ ಅದನ್ನು ಇಟ್ಟುಕೊಳ್ಳುವ ರೀತಿ ಎಷ್ಟು ಮುಖ್ಯವೆಂಬುದಕ್ಕೆ ಒಂದು ಹಳೆಯ ಪ್ರಸಂಗವಿದೆ. ಬೆಂಗಳೂರು ದಂಡಿನಲ್ಲಿದ್ದ ಹದಿನೈದನೆಯ ಹುಸಾರ್ ದಳದಲ್ಲಿ ನೋಲನ್ ಎಂಬ ಅಧಿಕಾರಿಯೊಬ್ಬನಿದ್ದ. ಕುದುರೆ ಪಳಗಿಸುವುದರಲ್ಲಿ ನಿಸ್ಸೀಮ. ೧೮೫೪ರಲ್ಲಿ ಕ್ರಿಮಿಯಾ ಯುದ್ಧದ ಬಾಲಕ್ಲಾವಾ ಕಾಳಗದಲ್ಲಿ ಹಗುರ ದಳವನ್ನು ಸಾವಿನ ಬಾಯಿಗೆ ನೂಕಿದ ಆ ಅಪ್ಪಣೆಯ ಚೀಟಿಯನ್ನು ಒಯ್ದವನೂ, ಆ ಧಾಳಿಯಲ್ಲಿ ಮೊದಲು ಸತ್ತವರಲ್ಲೊಬ್ಬನೂ ಇವನೇ. ಅದಕ್ಕೆ ಒಂದು ವರ್ಷ ಮೊದಲು ಅವನು ಬರೆದ ಕುದುರೆಯ ಸೈನ್ಯದ ಮೇಲಣ ಪುಸ್ತಕದಲ್ಲಿ ನಿಜಾಮನ ಸವಾರರ ವಿಷಯ ಬರುತ್ತದೆ. ಅವರು ಒಂದೇ ಏಟಿಗೆ ಕೈ ತಲೆಗಳನ್ನು ಹಾರಿಸಿದರೆಂಬುದನ್ನು ಕೇಳಿ, ಎಂತಹ ದಮಾಸ್ಕಸ್ಸಿನ ಅಲಗುಗಳಿರಬೇಕೋ ಎಂದು ನೋಡಹೋದರೆ, ಅವು ಬ್ರಿಟಿಷ್ ದಳಗಳು ಬೇಡವೆಂದು ಎಸೆದ ಹಳೆಯ ಕತ್ತಿಗಳು! ಸವಾರರು ಅವಕ್ಕೆ ದೇಶೀ ಹಿಡಿಯನ್ನು ಕೂಡಿಸಿ, ಬಾಯಿಯನ್ನು ಕ್ಷೌರದ ಕತ್ತಿಯಂತೆ ಮಸೆದು, ಮರದ ಒರೆಯಲ್ಲಿಟ್ಟಿದ್ದರು. ಯುದ್ಧದಲ್ಲಲ್ಲದೆ ಹೊರಗೆ ಹಿರಿಯುತ್ತಿರಲಿಲ್ಲ. ಅದೇ ಅಲಗು ಬ್ರಿಟಿಷ್ ಸೈನಿಕನ ಸೊಂಟದಲ್ಲಿದ್ದಾಗ ಉಕ್ಕಿನ ಒರೆಯೊಳಗೆ ಕುದುರೆಯ ಒಂದೊಂದು ಹೆಜ್ಜೆಗೂ ಕುಲುಕಿ, ಕವಾಯತಿನಲ್ಲಿ ದಿನಕ್ಕೆ ಹತ್ತು ಸಲ ಎಳೆದು ನೂಕಿ, ಬೆಣ್ಣೆಯನ್ನೂ ಕೊಯ್ಯದಷ್ಟು ಮೊಂಡಾಗಿತ್ತು. ಕತ್ತಿ ಹಾಳಾದದ್ದು ಶತ್ರುವಿನಿಂದಲ್ಲ, ತನ್ನ ಒರೆಯಿಂದ.

ಇದನ್ನು ಹೇಳುತ್ತಿದ್ದಂತೆ ತಾಯಿ ನಡುವೆ ಬಾಯಿ ಹಾಕಿದರು. "ನಮ್ಮವರ ತಾತ ಕುದುರೆ ಸೈನ್ಯದಲ್ಲಿದ್ದರಂತೆ. ಸಮುದ್ರದಾಚೆ ಹೋಗಿ ನಾಲ್ಕು ವರ್ಷದ ಮೇಲೆ ಬಂದರು, ಬಂದವರು ಯಾರ ಹತ್ತಿರವೂ ಹೆಚ್ಚು ಮಾತಾಡುತ್ತಿರಲಿಲ್ಲ ಎಂದು ನಮ್ಮತ್ತೆ ಹೇಳುತ್ತಿದ್ದರು. ಇದು ಅವರದ್ದಿರಬಹುದೆ?"

ಪಾಳೆಯಗಾರನ ಗದ್ದಲದಲ್ಲಿ ಈ ತಾತನನ್ನು ಆ ಮನೆಯವರು ಮರೆತೇಬಿಟ್ಟಿದ್ದರು. ಅವನ ಕಥೆಯೋ ಪಾಳೆಯಗಾರನ ಕಥೆಗೆ ಎಳ್ಳಷ್ಟೂ ಕಡಮೆಯದಲ್ಲ. ೧೮೦೭ರ ಒಪ್ಪಂದದಂತೆ ಮೈಸೂರು ಸಂಸ್ಥಾನ ೪,೦೦೦ ಕುದುರೆಯ ದಳವನ್ನು ಸದಾ ಸಿದ್ಧವಾಗಿಡಬೇಕಾಗಿತ್ತು. ಆ ಸಿಲ್ಲೇದಾರರ ಪರಂಪರೆಯಿಂದಲೇ ಮುಂದೆ ಮೈಸೂರು ಲ್ಯಾನ್ಸರ್ಸ್ ಎಂಬ ಭಲ್ಲೆಯ ದಳ ಹುಟ್ಟಿತು. ೧೯೧೪ರಲ್ಲಿ ಮಹಾಯುದ್ಧ ಮೊದಲಾದಾಗ ಈ ದಳ ಹೈದರಾಬಾದ್, ಪಟಿಯಾಲಗಳ ದಳಗಳೊಡನೆ ಹಡಗು ಹತ್ತಿ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯನ್ನು ಕಾಯಿತು. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ನಗರದ ಹೊರಗೆ, ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿದ್ದ ತುರ್ಕಿಯವರ ಫಿರಂಗಿಗಳ ಮೇಲೆ ಮೈಸೂರಿನವರು ಏರಿಹೋದರು. ಜೋಧಪುರದವರು ಕುದುರೆಗಳನ್ನು ನಾಗಾಲೋಟದಲ್ಲಿ ಬಿಟ್ಟು ನಗರವನ್ನೇ ನುಗ್ಗಿದರು. ಮಷಿನ್ ಗನ್ನುಗಳ ಎದುರು ಭಲ್ಲೆ ಕತ್ತಿಗಳಿಂದ ಊರೊಂದನ್ನು ಗೆದ್ದ ಇಂತಹ ಪ್ರಸಂಗ ಆಧುನಿಕ ಯುದ್ಧಗಳಲ್ಲಿ ಬಹಳ ಅಪರೂಪ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲೂ ಈ ದಳದ ಸ್ಮಾರಕವಿದೆ. ೧೯೫೩ರಲ್ಲಿ ಸಂಸ್ಥಾನಗಳ ಕುದುರೆಯ ದಳಗಳೆಲ್ಲ ಕೂಡಿ ಅರುವತ್ತೊಂದನೆಯ ಕ್ಯಾವಲ್ರಿಯಾದಾಗ ಮೈಸೂರಿನವರೂ ಅದರಲ್ಲಿ ಸೇರಿಹೋದರು.

ಹಾಗಾದರೆ ಈ ಕತ್ತಿ ಆ ತಾತನದೆ? ತಿಳಿಯುವ ದಾರಿಯೇನೋ ಇದ್ದಿತು. ದಳದ ಕತ್ತಿಗಳಿಗೆ ಹಿಡಿಯ ಮೇಲೆ ದಳದ ಹೆಸರಿನ ಸಂಕ್ಷೇಪವನ್ನೂ ಸರದಿಯ ಅಂಕೆಯನ್ನೂ ಒತ್ತುವ ರೂಢಿಯುಂಟು. ಸರ್ಕಾರ ತನಗೆ ಬೇಡವಾದ ಕತ್ತಿಯನ್ನು ಹೊರಗೆ ಮಾರಿದರೆ ಎರಡು ಬಾಣಗಳನ್ನು ಮೊನೆಗೆ ಮೊನೆ ತಾಗುವಂತೆ ಒತ್ತುತ್ತಿದ್ದರು. ಅಂಕೆಯಿದ್ದರೆ ಅದು ಸವಾರನ ಕತ್ತಿ. ಜೋಡಿ ಬಾಣವಿದ್ದರೆ ಹರಾಜಿನಲ್ಲಿ ಯಾರೋ ಕೊಂಡದ್ದೂ ಆಗಿರಬಹುದು. ಹಿಡಿಯ ಅಡ್ಡಗೈಯನ್ನು ಬೆಳಕಿಗೆ ಹಿಡಿದೆ. ಕನ್ನಡಿಯಂತೆ ನುಣ್ಣಗಾಗಿತ್ತು. ಇಡೀ ಹಿಡಿಯಲ್ಲಿ ಏಳು ಎಂಬ ಒಂದು ಅಂಕೆಯ ಬಾಲ ಮಾತ್ರ, ಅದೂ ಬೆರಳುಗಳು ಸರಿಯಾಗಿ ಹೋಗದ ಮೂಲೆಯಲ್ಲಿದ್ದುದರಿಂದ, ಉಳಿದಿತ್ತು. ಅದರ ಹಿಂದೆ ಮುಂದೆ ಏನಿತ್ತೋ ಇಟ್ಟಿಗೆಯ ಪುಡಿಗೇ ಗೊತ್ತು.

ನಾನು ಹೇಳಬಾರದಾಗಿತ್ತೋ ಏನೋ, ಹೇಳಿಬಿಟ್ಟೆ. ತಾಯಿ ಕೈಯಲ್ಲಿದ್ದ ಹುಣಸೆಯ ಉಂಡೆಯನ್ನು ಬಟ್ಟಲಿಗೆ ಹಾಕಿದರು.

"ಈ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ ನಾನೇ ಉಜ್ಜುತ್ತಿದ್ದೇನೆ. ಐವತ್ತೈದು ವರ್ಷವಾಯಿತು. ಹಾಗಾದರೆ ತಾತನ ಹೆಸರನ್ನು ಅಳಿಸಿದವಳು ನಾನೇ ಅಲ್ಲವೇನಪ್ಪ?"

ಏನು ಹೇಳಲಿ? ಅವರಿಗಿಂತ ಮೊದಲು ಅವರ ಅತ್ತೆಯೂ ಉಜ್ಜಿದ್ದರು, ಅಂಕೆ ಯಾರ ಕೈಯಲ್ಲಿ ಅಳಿಸಿತೋ ಹೇಳಬಂದೀತೆ ಎಂದೆ. ಅದು ಸುಳ್ಳಲ್ಲ, ಆದರೆ ಅವರಿಗೆ ಸಮಾಧಾನವಾದಂತೆ ತೋರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಉಜ್ಜದೆ ಬಿಟ್ಟಿದ್ದರೆ ತುಕ್ಕು ತಿನ್ನುತ್ತಿರಲಿಲ್ಲವೆ?" ಎಂದು ಕೇಳಿದರು. ಅದು ಸರಿಯಾದ ಪ್ರಶ್ನೆ. ಆಯುಧಪೂಜೆ ಮಾಡುವ ಎಲ್ಲ ಮನೆಗಳವರೂ ಕೇಳಬೇಕಾದ ಪ್ರಶ್ನೆಯಾದ್ದರಿಂದ ಆ ಸಂಜೆ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಕೆಂಪಗೆ, ಪುಡಿಪುಡಿಯಾಗಿ ಬೆರಳಿಗಂಟುವ ತುಕ್ಕು ಜೀವಂತವಾದ ರೋಗ, ಅದನ್ನು ತೆಗೆಯಲೇಬೇಕು. ಆದರೆ ಕಂದುಗಪ್ಪಾಗಿ, ಗಟ್ಟಿಯಾಗಿ, ಒರೆಸಿದರೆ ಬಟ್ಟೆಗಂಟದ ಬಣ್ಣವು ರೋಗವಲ್ಲ. ಉಕ್ಕಿನ ಮೇಲೆ ವಯಸ್ಸು ಹೊದಿಸಿದ ಚರ್ಮ. ಅದನ್ನು ಸುಲಿದರೆ ಕೆಳಗಿನ ಉಕ್ಕು ಮತ್ತೆ ಬತ್ತಲಾಗಿ ಹೊಸದಾಗಿ ತುಕ್ಕು ಹಿಡಿಯಲು ತೊಡಗುತ್ತದೆ. ವರ್ಷಕ್ಕೊಮ್ಮೆ ಉಜ್ಜುವುದೆಂದರೆ ವರ್ಷಕ್ಕೊಂದು ಪದರ ಲೋಹವನ್ನು ಕಳೆಯುವುದು. ಹುಣಸೆಹಣ್ಣಿನ ಹುಳಿ ಹಿತ್ತಾಳೆಯ ದೀಪಕ್ಕೆ ಸರಿ, ಉಕ್ಕಿಗಲ್ಲ. ಹಿಡಿಯ ಸಂದುಗಳಲ್ಲಿ ಇಳಿದ ಹುಳಿನೀರು ಅಲಗಿನ ಬುಡವನ್ನು ಒಳಗೊಳಗೇ ತಿನ್ನುತ್ತದೆ. ಇದಕ್ಕಿಂತ ಕೆಡುಕು ಪೂಜೆಯ ನಿಂಬೆಹಣ್ಣು. ಆಯುಧಪೂಜೆಯ ದಿನ ಕತ್ತಿಯಿಂದಲೇ ನಿಂಬೆಹಣ್ಣು ಕೊಯ್ದು, ಅದಕ್ಕೆ ಕುಂಕುಮ ಹಚ್ಚಿ, ರಸ ಒಣಗಿದ ಅಲಗನ್ನು ಹಾಗೆಯೇ ವಿಜಯದಶಮಿಯವರೆಗೆ ಬಿಡುತ್ತೇವೆ. ಆ ಒಂದು ರಾತ್ರಿ ಮಾಡುವ ಕಪ್ಪು ಕಲೆಯನ್ನು ಯಾವ ಮಳೆಗಾಲವೂ ಮಾಡಲಾರದು.

ಅರಸೀಕೆರೆಯ ಕಡೆಯವರಿಗೆ ಮತ್ತೊಂದು ಮಾತು ಹೇಳಬೇಕಾಗಿದೆ, ಅವರು ಬೇಸರಪಡಬಾರದು. ತೆಂಗಿನೆಣ್ಣೆ ಕೂದಲಿಗೂ ಒಗ್ಗರಣೆಗೂ ಒಳ್ಳೆಯದು, ಕತ್ತಿಗಲ್ಲ. ಹಚ್ಚಿದ ಕೆಲವು ತಿಂಗಳಿಗೆ ಅದು ಕಮಟಾಗಿ ಹುಳಿಯುತ್ತದೆ, ಅಂಟಾಗಿ ಧೂಳನ್ನು ಹಿಡಿಯುತ್ತದೆ. ಧೂಳು ತೇವವನ್ನು ಹಿಡಿಯುತ್ತದೆ. ಅದರ ಬದಲು ಹೊಲಿಗೆಯ ಯಂತ್ರಕ್ಕೆ ಹಾಕುವ ತೆಳು ಎಣ್ಣೆಯನ್ನು ಮೆತ್ತನೆಯ ಬಟ್ಟೆಗೆ ಎರಡು ತೊಟ್ಟು ಹಾಕಿ ಒರೆಸಿದರೆ ಸಾಕು. ಕೆಂಪು ತುಕ್ಕಿದ್ದ ಕಡೆ ಆ ಎಣ್ಣೆಯಲ್ಲೇ ಒಂದೆರಡು ದಿನ ನೆನೆಯಗೊಟ್ಟು, ಅತ್ಯಂತ ನವಿರಾದ ಉಕ್ಕಿನ ನಾರಿನಿಂದ ಅಕ್ಷರಗಳನ್ನು ತಪ್ಪಿಸಿ ಮೆಲ್ಲಗೆ ಸವರಬೇಕು. ಉಪ್ಪುಕಾಗದ, ಸಾಣೆಯ ಚಕ್ರ ಇವುಗಳ ಹತ್ತಿರ ಸುಳಿಯಕೂಡದು. ಬರಿಗೈಯಿಂದ ಅಲಗನ್ನು ಮುಟ್ಟಿದರೆ ಬೆವರಿನ ಉಪ್ಪು ಬೆರಳಿನ ಗುರುತನ್ನು ಉಕ್ಕಿನಲ್ಲಿ ಕೊರೆದುಬಿಡುತ್ತದೆ, ಮುಟ್ಟಿದೊಡನೆ ಒರೆಸಬೇಕು. ಚರ್ಮದ ಒರೆಯಿದ್ದರೆ ಕತ್ತಿಯನ್ನು ಅದರೊಳಗೆ ಬಿಡದೆ ಪಕ್ಕದಲ್ಲಿಡಬೇಕು, ಏಕೆಂದರೆ ಚರ್ಮ ಗಾಳಿಯ ತೇವವನ್ನು ಹೀರಿ ಅಲಗಿಗೆ ದಾಟಿಸುತ್ತದೆ. ಅರಸೀಕೆರೆಯ ಒಣಹವೆಯಲ್ಲಿ ಇದು ಅಷ್ಟು ಬೇಗ ತಿಳಿಯದು. ಅದೇ ಕತ್ತಿಯನ್ನು ಮಲೆನಾಡಿನ ಸೆರಗಿನ ಬೇಲೂರಿಗೆ ಒಯ್ದು ಆಷಾಢ ಶ್ರಾವಣ ಕಳೆಯಗೊಡಿ, ಒರೆಯಿಂದ ಹಿರಿದಾಗ ತಿಳಿಯುತ್ತದೆ.

ನಮ್ಮ ದೇಶದ ಹಳೆಯ ಉಕ್ಕಿನ ಅಲಗುಗಳಿಗಂತೂ ಉಜ್ಜುವಿಕೆ ಸಾವೇ ಸರಿ. ಕನ್ನಡದ ಉಕ್ಕು ಎಂಬ ಮಾತೇ ಯೂರೋಪಿನವರ ಬಾಯಲ್ಲಿ ವೂಟ್ಜ್ ಆಯಿತೆನ್ನುತ್ತಾರೆ. ಆ ಉಕ್ಕಿನ ಮೈಯಲ್ಲಿ ಹರಿವ ನೀರಿನಂತಹ ಗೆರೆಗಳಿರುತ್ತವೆ; ಒರಟು ಪುಡಿ ಹಾಕಿ ತಿಕ್ಕಿದರೆ ಅವು ಕಣ್ಣಿಗೆ ಮಾಯವಾಗಿ, ಅಪೂರ್ವವಾದ ಅಲಗು ಸಂತೆಯ ಮಚ್ಚಿನಂತೆ ಕಾಣುತ್ತದೆ.

ಸಂಗ್ರಹಕಾರರು ಬೆಲೆ ಕಟ್ಟುವುದೂ ಇವನ್ನೇ ನೋಡಿ. ಥಳಥಳ ಹೊಳೆಯುವ ಕತ್ತಿಯನ್ನು ಕಂಡರೆ ಬಲ್ಲವನು ಮುಖ ತಿರುಗಿಸುತ್ತಾನೆ. ಅಕ್ಷರ ಓದಬರುವುದೆ, ಹಿಡಿಯ ಚರ್ಮ ಮೊದಲಿನದೆ, ಅಲಗಿನ ಬಾಯಿಯನ್ನು ಈಚೆಗೆ ಯಾರಾದರೂ ಮಸೆದಿದ್ದಾರೆಯೆ, ಒರೆ ಇದೆಯೆ, ಒರೆಯ ಮೇಲಿನ ಅಂಕೆಯೂ ಹಿಡಿಯ ಮೇಲಿನ ಅಂಕೆಯೂ ಒಂದೆಯೆ, ಇಷ್ಟನ್ನು ನೋಡುತ್ತಾನೆ. ಬಾಯಿಯ ಹರಿತವೂ ಒಂದು ಸಾಕ್ಷಿ. ಬ್ರಿಟಿಷ್ ಸೈನ್ಯದಲ್ಲಿ ಶಾಂತಿಕಾಲದ ಕತ್ತಿ ಮೊಂಡಾಗಿರುತ್ತಿತ್ತು. ದಂಡು ಯುದ್ಧಕ್ಕೆ ಹೊರಟಾಗ ಬಾಯಿ ಹಿಡಿಸುತ್ತಿದ್ದರು. ಆ ಹಳೆಯ ಸಾಣೆಯ ಗೆರೆಗಳಿದ್ದರೆ ಕತ್ತಿ ರಣಕ್ಕೆ ಹೊರಟದ್ದೆಂದು ಊಹಿಸಬಹುದು. ಲಂಡನ್ನಿನ ವಿಲ್ಕಿನ್‌ಸನ್ ಕಂಪನಿ ಅಧಿಕಾರಿಗಳಿಗಾಗಿ ಮಾಡಿದ ಕತ್ತಿಗಳ ಬೆನ್ನಿನ ಮೇಲೆ ಕ್ರಮಸಂಖ್ಯೆಯಿರುತ್ತದೆ. ಅವರ ಹಳೆಯ ಲೆಕ್ಕದ ಪುಸ್ತಕಗಳು ಉಳಿದಿರುವುದರಿಂದ ಆ ಒಂದು ಸಂಖ್ಯೆಯಿಂದ ಕತ್ತಿ ಮಾರಾಟವಾದ ವರ್ಷವೂ, ಎಷ್ಟೋ ಸಲ ಕೊಂಡವನ ಹೆಸರೂ ಸಿಕ್ಕುತ್ತದೆ. ಸಂಖ್ಯೆ ಅಳಿದರೆ ಆ ಬಾಗಿಲು ಮುಚ್ಚಿತು. ಹಳೆಯ ಮಾದರಿಯ ನಕಲು ಕತ್ತಿಗಳೂ ನಮ್ಮ ದೇಶದಲ್ಲೇ ಬೇಕಾದಷ್ಟು ತಯಾರಾಗುತ್ತವೆ. ನಿಜವಾದ ೧೭೯೬ರ ಕತ್ತಿ ಒಂದು ಕಿಲೋಗ್ರಾಮಿನ ಆಸುಪಾಸಿನಲ್ಲಿದ್ದು, ಕೈಯಲ್ಲಿ ಹಿಡಿದಾಗ ತಾನಾಗಿ ಬೀಸಿಕೊಳ್ಳುವಂತಿರುತ್ತದೆ. ನಕಲು ಬಹುಮಟ್ಟಿಗೆ ಒನಕೆಯಂತೆ ತೂಗುತ್ತದೆ.

ಪಟ್ಟಣದ ವ್ಯಾಪಾರಿ ಹೇಳಿಹೋದದ್ದೇನೆಂದು ಸ್ನೇಹಿತರನ್ನು ಕೇಳಿದೆ. ಲಂಡನ್ನಿನಲ್ಲಿ ಇದಕ್ಕೆ ದೊಡ್ಡ ಬೆಲೆಯಿದೆ, ಚೆನ್ನಾಗಿ ಮೆರುಗು ಕೊಡಿಸಿ ಕಳುಹಿಸುತ್ತೇನೆ ಎಂದಿದ್ದನಂತೆ. ಎರಡು ವಾಕ್ಯದಲ್ಲಿ ಎರಡು ತಪ್ಪು. ಮೆರುಗಿನ ವಿಷಯ ಮೇಲೆ ಹೇಳಿದ್ದೇನೆ. ಇನ್ನು ೧೯೭೨ರ ಪ್ರ್ರಾಚ್ಯವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಮೆಯಿಲ್ಲದಷ್ಟು ಹಳೆಯದಾದ ಇಂತಹ ವಸ್ತುವನ್ನು ಖಾಸಗಿಯವರು ದೇಶದ ಹೊರಕ್ಕೆ ಕಳುಹಿಸುವಂತಿಲ್ಲ. ದೇಶದೊಳಗೆ ಅವುಗಳ ವ್ಯಾಪಾರ ನಡೆಸುವವನಿಗೂ ಸರ್ಕಾರದ ಪರವಾನಗಿ ಬೇಕು. ಪರವಾನಗಿಯ ಮಾತು ಎತ್ತಿದ ಮೇಲೆ ಆ ವ್ಯಾಪಾರಿ ಮತ್ತೆ ಬರಲಿಲ್ಲವೆಂದು ಆಮೇಲೆ ಕೇಳಿದೆ.

"ಒರೆಯೇನಾಯಿತು?" ಎಂದೆ. ಮರದ ಮೇಲೆ ಚರ್ಮ ಹೊದಿಸಿದ ಒರೆಯೊಂದಿತ್ತು, ಮಕ್ಕಳು ಆಟಕ್ಕೆ ತೆಗೆದುಕೊಂಡು ಚರ್ಮ ಹರಿದುಹಾಕಿದ್ದರು, ಅಟ್ಟದ ಮೇಲೆಲ್ಲೋ ಇರಬೇಕು, ಇಲ್ಲದಿದ್ದರೆ ಗೆದ್ದಲು ತಿಂದಿರಬೇಕು ಎಂಬ ಉತ್ತರ ಬಂತು. ಆ ವರ್ಷದ ಪೂಜೆ ಕತ್ತಿಯನ್ನು ಉಜ್ಜದೆಯೇ ನಡೆಯಿತು. ತಾಯಿಗೆ ಅದು ಸ್ನಾನವಿಲ್ಲದೆ ದೇವರಿಗೆ ಹೂ ಏರಿಸಿದಂತೆ ಆಗಿದ್ದಿರಬೇಕು. ಬಾಯಿಬಿಟ್ಟು ಏನೂ ಹೇಳಲಿಲ್ಲ.

ವಿಜಯದಶಮಿಯ ಮರುದಿನ ಜಾವಗಲ್ಲಿನ ಮೇಲೆ ಹಳೇಬೀಡಿಗೆ ಹೊರಟೆವು. ತಾಯಿಯೂ ಬಂದರು. ಬೇಲೂರು, ಹಳೇಬೀಡು, ಸೋಮನಾಥಪುರಗಳು ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಹಳೇಬೀಡಿನಲ್ಲಿ ಜನಸಂದಣಿ ಹೆಚ್ಚಿದೆ. ಹೊಯ್ಸಳೇಶ್ವರನ ಗೋಡೆಯ ಬುಡದಲ್ಲಿ ಆನೆ, ಸಿಂಹ, ಬಳ್ಳಿಗಳ ಸಾಲಿನ ಮೇಲೆ ಕುದುರೆಯ ಸವಾರರ ಸಾಲು ಓಡುತ್ತದೆಯಷ್ಟೆ. ಹಿಂದೆ ಹಲವು ಸಲ ನೋಡಿದ್ದರೂ ಆ ದಿನ ನನ್ನ ಕಣ್ಣು ಸವಾರರ ಕೈಗಳನ್ನೇ ಹುಡುಕುತ್ತಿತ್ತು. ಒಬ್ಬೊಬ್ಬನ ಕೈಯ ಆಯುಧವನ್ನೂ, ಕುದುರೆಯ ಕೊರಳಿನ ಗಂಟೆಸರವನ್ನೂ ಶಿಲ್ಪಿ ಮರೆತಿಲ್ಲ. ಆ ಕಾಲದ ನಿಜವಾದ ಕತ್ತಿಯೊಂದು ನಮಗೆ ಸಿಕ್ಕುವುದು ದುರ್ಲಭ, ಕಬ್ಬಿಣ ಮಣ್ಣಾಯಿತು. ಬಳಪದ ಕಲ್ಲಿನಲ್ಲಿ ಕೊರೆದ ಕತ್ತಿ ಎಂಟುನೂರು ವರ್ಷ ಬಾಳಿತು. ಹೊಯ್ಸಳರ ಲಾಂಛನವೇ ಒಂದು ಕತ್ತಿಯ ಕಥೆ: ಸಿಂಹದ ಮೇಲೆ ಬಿದ್ದ ಸಳ. ಬೇಲೂರಿನ ಬಾಗಿಲಲ್ಲಿಯೂ ಅವನೇ ನಿಂತಿದ್ದಾನೆ.

ಆವರಣದಲ್ಲಿ ಒಂದು ಕಂಬವಿದೆ. ಬಂದವರಲ್ಲಿ ಹೆಚ್ಚಿನವರು ಅದನ್ನು ಗಮನಿಸದೆ ಹೋಗುತ್ತಾರೆ. ಅದು ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಕಂಬ. ಒಡೆಯನೊಡನೆ ಬಾಳಿ ಒಡೆಯನೊಡನೆ ಸಾಯುವ ಗರುಡನ ವ್ರತ ತೊಟ್ಟವನು ಅವನು. ಹಾಗೆಯೇ ಹೆಂಡತಿಯೊಡನೆ, ತನ್ನ ಭಟರೊಡನೆ ಪ್ರಾಣ ಕೊಟ್ಟನು. ಕಂಬದ ಸುತ್ತ ಆ ಭಟರು ಕತ್ತಿ ಕಠಾರಿಗಳಿಂದ ತಮ್ಮ ಕೈಕಾಲುಗಳನ್ನೂ ತಲೆಯನ್ನೂ ತಾವೇ ಕೊಯ್ದುಕೊಳ್ಳುತ್ತಿದ್ದಾರೆ. ನೋಡಿದರೆ ಮೈ ಜುಮ್ಮೆನ್ನುತ್ತದೆ. ಕೆಳಗಿನ ಶಾಸನದಲ್ಲಿ ಹಳಗನ್ನಡದ ಅಕ್ಷರಗಳು.

ತಾಯಿ ಬಹಳ ಹೊತ್ತು ಆ ಅಕ್ಷರಗಳನ್ನೇ ನೋಡುತ್ತ ನಿಂತರು. ಓದಲು ಅವರಿಗೆ ಬಾರದು, ನನಗೂ ಅಷ್ಟಕ್ಕಷ್ಟೆ. "ಇಷ್ಟು ವರ್ಷವಾದರೂ ಇವನ ಹೆಸರು ಇದೆಯೆ?" ಎಂದು ಕೇಳಿದರು. ಇದೆ ಎಂದೆ. "ಇವನನ್ನು ಯಾರೂ ಉಜ್ಜಲಿಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಸೆರಗು ಹೊದ್ದು ಮುಂದೆ ನಡೆದರು.

ಕಳೆದ ನವರಾತ್ರಿ ಮುಗಿದ ವಾರದಲ್ಲಿ ಸ್ನೇಹಿತರ ಕಾಗದ ಬಂದಿತು. ಈ ಸಲ ನಿಂಬೆಹಣ್ಣನ್ನು ಈಳಿಗೆಮಣೆಯಲ್ಲಿ ಕೊಯ್ದರಂತೆ. ಕತ್ತಿಯನ್ನು ಹೊಲಿಗೆಯ ಯಂತ್ರದ ಎಣ್ಣೆಯಿಂದ ಒರೆಸಿ, ಬಾಳೆಲೆಯ ಮೇಲೆ ಮಡಿಬಟ್ಟೆ ಹಾಸಿ ಮಲಗಿಸಿ, ಕುಂಕುಮವನ್ನು ಬಟ್ಟೆಗೆ ಹಚ್ಚಿದರಂತೆ. ಕಾಗದದ ಕೊನೆಯಲ್ಲಿ ಇನ್ನೊಂದು ಸಮಾಚಾರ. ಹಬ್ಬಕ್ಕೆ ಅಟ್ಟ ಗುಡಿಸಿದಾಗ ಹಳೆಯ ಒರೆ ಸಿಕ್ಕಿತು. ಮರವನ್ನು ಗೆದ್ದಲು ತಿಂದುಹಾಕಿದೆ, ಚರ್ಮ ಚೂರುಚೂರಾಗಿದೆ. ಆದರೆ ಒರೆಯ ಬಾಯಿಯ ಹಿತ್ತಾಳೆಯ ಕಟ್ಟು ಹಾಗೆಯೇ ಇದೆ. ಅದರ ಮೇಲೆ ಹಸುರು ಕಿಲುಬು ದಪ್ಪಗೆ ಕುಳಿತಿದೆ, ಅದರಡಿಯಲ್ಲಿ ಏನೋ ಕೊರೆದಂತೆ ಬೆರಳಿಗೆ ತಗಲುತ್ತದೆ. ಮೊಮ್ಮಗ ಹುಣಸೆಹಣ್ಣು ತರಲು ಓಡಿದನಂತೆ. ಅಜ್ಜಿ ಅವನ ಕೈ ಹಿಡಿದು ನಿಲ್ಲಿಸಿ, ಆ ಕಟ್ಟನ್ನು ಹಳೆಯ ಪಂಚೆಯಲ್ಲಿ ಸುತ್ತಿ ತಮ್ಮ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆ. ನಾನು ಭೂತಗನ್ನಡಿ ತರುವವರೆಗೆ ಅದನ್ನು ಯಾರೂ ಮುಟ್ಟಕೂಡದಂತೆ.